ಐದನೇ ದರ್ಜೆಯ ಬೀದಿ

ಅವಳು ಬರೆದದ್ದು ಸುಳ್ಳು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಡವರ ಕಥೆ ಅಂದರೆ ಬಡವರು ಏನೂ ತಪ್ಪು ಮಾಡಿರುವುದಿಲ್ಲ, ಬರೀ ಅನುಭವಿಸಿರುತ್ತಾರೆ ಅಂದುಕೊಂಡು ಓದಲು ಕೂರುವವರು ಬಹಳ ಮಂದಿ ಇದ್ದಾರೆ. ಅವರಿಗೆ ಇದು ರುಚಿಸದಿರಬಹುದು. ಈ ಹೆಂಗಸು ಸುಳ್ಳು ಬರೆದಳು. ಕೆಳಗೆ ಸಹಿ ಹಾಕಿದಳು. ಮನೆಗೆ ಬಂದು ಬೀದಿಯವರ ಮುಂದೆ ಬೀಗಿದಳು. ಆಮೇಲೆ ಒಂದು ವರ್ಷ ತಲೆ ಎತ್ತಿ ನಡೆಯಲಿಲ್ಲ.

ಕೆಲಸದವರು ಅವಳನ್ನು ಡಬ್ಬದಕ್ಕ ಎಂದು ಕರೆಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ರಸ್ತೆಯ ಬಿರುಕು ಮುಚ್ಚುವ ಗ್ಯಾಂಗು ಅವರದು. ಒಟ್ಟು ಏಳು ಜನ. ಇಬ್ಬರು ತಂತಿ ಬ್ರಷ್ಷಿನಿಂದ ಬಿರುಕು ಕೆರೆಯುತ್ತಾರೆ. ಒಬ್ಬ ಗಾಳಿ ಯಂತ್ರ ಹಿಡಿದು ಒಳಗಿನ ದೂಳು ಹಾರಿಸುತ್ತಾನೆ. ಒಬ್ಬ ಟ್ರ್ಯಾಕ್ಟರು ಓಡಿಸುತ್ತ ಅದರ ಹಿಂದೆ ಕಟ್ಟಿದ, ಡಾಂಬರು ಕಾಯಿಸುವ ಬಾಯ್ಲರಿನ ಬೆಂಕಿ ನೋಡಿಕೊಳ್ಳುತ್ತಾನೆ. ಇವಳು ಮೂತಿ ಇರುವ ತಗಡಿನ ಡಬ್ಬದಲ್ಲಿ ಕುದಿಯುವ ಡಾಂಬರು ಹಿಡಿದು, ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಿರುಕಿನೊಳಕ್ಕೆ ಹುಯ್ಯುತ್ತಾಳೆ. ಅವಳ ಎದುರಿಗೆ ಇನ್ನೊಬ್ಬಳು ಅದರ ಮೇಲೆ ಕಲ್ಲುಪುಡಿ ಉದುರಿಸುತ್ತ ಬರುತ್ತಾಳೆ. ಏಳನೆಯವನು ಮೇಸ್ತ್ರಿ. ಅವನ ಕೆಲಸ ಬೈಯುವುದು.

ಡಾಂಬರಿನ ಒಂದು ಹನಿ ಕೈಮೇಲೆ ಬಿದ್ದರೆ ಒರೆಸಬಾರದು. ಒರೆಸಿದರೆ ಚರ್ಮ ಸಮೇತ ಬರುತ್ತದೆ. ಹಲ್ಲು ಕಚ್ಚಿಕೊಂಡು ಅದು ಆರುವವರೆಗೆ ಸುಮ್ಮನಿರಬೇಕು. ಡಬ್ಬದಕ್ಕನ ಎಡಗೈಯಲ್ಲಿ ಅಂಥ ಹನ್ನೊಂದು ಕಲೆಗಳಿದ್ದವು. ಕೈಗವಸು ಕೇಳಿದರೆ ಬರುತ್ತೆ, ಬರುತ್ತೆ ಅನ್ನುತ್ತಿದ್ದರು. ಹಳೇ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಕಾಲಿಗೆ ರಬ್ಬರ್ ಚಪ್ಪಲಿ. ಮಧ್ಯಾಹ್ನದ ಹೊತ್ತಿಗೆ ಅದರ ಅಡಿ ರಸ್ತೆಗೆ ಅಂಟಿ ಅಂಟಿ ಏಳುತ್ತಿತ್ತು. ಸಂಜೆ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಆಮೇಲೆ ಸೋಪಿನಲ್ಲಿ ತೊಳೆದು, ಅದೇ ಕೈಯಲ್ಲಿ ಗಂಡನಿಗೆ ಊಟ ಬಡಿಸುತ್ತಿದ್ದಳು. ಇವತ್ತಿನ ಅಡಿಗೆಗೆ ಎಣ್ಣೆ ಯಾವ ಪೆಟ್ರೋಲ್ ಬಂಕಿನಿಂದ ತಂದೆ ಎಂದು ಅವನು ಕೇಳುತ್ತಿದ್ದ. ಆಗ ಅವನಿಗೆ ಇನ್ನೂ ತಮಾಷೆ ಮಾಡುವ ಮನಸ್ಸಿತ್ತು.

ಗಂಡನೂ ಇದೇ ಗ್ಯಾಂಗಿನವನೇ. ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಆರು ವರ್ಷದ ಹಿಂದೆ ಇಳಿಜಾರಿನಲ್ಲಿ ಬಾಯ್ಲರು ಮಗುಚಿ ಮೊಣಕಾಲಿನ ಕೆಳಗೆ ಎರಡೂ ಕಾಲು ಬೆಂದವು. ಒಂದನ್ನು ಕತ್ತರಿಸಿದರು. ಇನ್ನೊಂದು ಇದ್ದೂ ಇಲ್ಲದ ಹಾಗೆ. ಬೂಟು ಹಾಕಿರಲಿಲ್ಲ, ಅವನದೇ ತಪ್ಪು ಎಂದು ಕಚೇರಿಯವರು ಬರೆದುಕೊಂಡರು. ಬೂಟು ಕೊಟ್ಟೇ ಇರಲಿಲ್ಲ ಅನ್ನುವುದನ್ನು ಬರೆಯಲು ಆ ಕಾಗದದಲ್ಲಿ ಜಾಗ ಸಾಲಲಿಲ್ಲವೋ ಏನೋ. ಎಷ್ಟೋ ಅಲೆದಾಡಿದ ಮೇಲೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯೊಂದು ಸಿಕ್ಕಿತು. ಅದರಲ್ಲಿ ಕೂತು ದಿನಾ ಬೆಳಿಗ್ಗೆ ಮುಖ್ಯರಸ್ತೆಯ ಮೂಲೆಗೆ ಹೋಗಿ ಬೀಗ ರಿಪೇರಿ ಮಾಡುತ್ತಿದ್ದ, ಕೀಲಿಕೈ ಮಾಡಿಕೊಡುತ್ತಿದ್ದ. ಬೀಗ ತಂದವರನ್ನೆಲ್ಲ ಗೋಳುಹೊಯ್ದುಕೊಂಡು, ಹತ್ತು ಜನರ ಸುದ್ದಿ ಹೊತ್ತುಕೊಂಡು, ಸಂಜೆ ತಾನೇ ಗಾಡಿ ತಿರುಗಿಸಿಕೊಂಡು ವಾಪಸು ಬರುತ್ತಿದ್ದ. ಮನೆಯಿಂದ ಮುಖ್ಯರಸ್ತೆಗೆ ಇರುವುದು ಆ ಒಂದೇ ಬೀದಿ. ಅದರ ಡಾಂಬರು ನುಣುಪಾಗಿ ಇರುವವರೆಗೆ ಅವನು ನಾಲ್ಕು ಜನರ ನಡುವೆ ಇದ್ದ.

ಹೋದ ವರ್ಷ ಕಚೇರಿಯಲ್ಲಿ ಹೊಸ ಪದ್ಧತಿ ಬಂತು. ಪ್ರತಿ ಬೀದಿಯನ್ನೂ ನಡೆದು ನೋಡಬೇಕು. ನೂರು ಹೆಜ್ಜೆಗೆ ಎಷ್ಟು ಬಿರುಕು, ಎಷ್ಟು ಅಗಲ ಎಂದು ಹಾಳೆ ತುಂಬಿ, ಕೊನೆಗೆ ದರ್ಜೆ ಕೊಡಬೇಕು. ಒಂದು ಅಂದರೆ ಹೊಸದರ ಹಾಗೆ. ಐದು ಅಂದರೆ ಕೆಟ್ಟು ಕೆರ ಹಿಡಿದದ್ದು. ಕಿರಿಯ ಇಂಜಿನಿಯರ್ ದೊಡ್ಡ ರಸ್ತೆಗಳನ್ನು ತಾನೇ ನೋಡಿದ. ಗಟಾರದ ಪಕ್ಕದ ಬೀದಿಗಳಿಗೆ ಬರಲು ಅವನ ಮೂಗು ಒಪ್ಪಲಿಲ್ಲ. ಡಬ್ಬದಕ್ಕನಿಗೆ ಓದು ಬರಹ ಬರುತ್ತದೆ ಎಂದು ಮೇಸ್ತ್ರಿ ಹೇಳಿದ. ಇಂಜಿನಿಯರ್ ಅವಳ ಬೀದಿಯ ಹಾಳೆಯನ್ನು ಅವಳ ಕೈಗೇ ಕೊಟ್ಟು, ಹೇಗೂ ಅಲ್ಲೇ ಇರುತ್ತೀಯ, ನೋಡಿ ಬರೆದು ಸಹಿ ಹಾಕು, ಅಕ್ಕಪಕ್ಕದ್ದು ಬರುವ ವರ್ಷ ನೋಡೋಣ ಅಂದ.

ಭಾನುವಾರ ಬೆಳಿಗ್ಗೆ ಪೆನ್ನು ಹಿಡಿದು ಬೀದಿಗಿಳಿದಳು. ಹದಿಮೂರು ವರ್ಷ ಬಗ್ಗಿ ನೋಡಿದ ಕಣ್ಣು. ಸುಳ್ಳು ಹೇಳಲು ಅದಕ್ಕೆ ಕಾರಣವೇ ಇರಲಿಲ್ಲ. ಬೀದಿಗೆ ಎರಡನೇ ದರ್ಜೆ ಸರಿಯಾಗಿ ಒಪ್ಪುತ್ತಿತ್ತು. ಗಟಾರದ ಹತ್ತಿರ ಒಂದು ಕಡೆ ಮೂರು ಅನ್ನಬಹುದು. ಬಿರುಕುಗಳು ಬಳೆಯ ದಪ್ಪದಷ್ಟು ಅಗಲವೂ ಇರಲಿಲ್ಲ. ಒಂದು ದಿನದ ಕೆಲಸ. ರಸ್ತೆಯನ್ನು ಕೊಲ್ಲುವುದು ಲಾರಿಯಲ್ಲ, ನೀರು ಎನ್ನುವುದು ಅವಳಿಗೆ ಯಾವ ಇಂಜಿನಿಯರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಬಿರುಕಿನಲ್ಲಿ ಇಳಿದ ನೀರು ಕೆಳಗಿನ ಜಲ್ಲಿಯನ್ನು ಸಡಿಲ ಮಾಡುತ್ತದೆ, ಆಮೇಲೆ ಮೇಲಿನದು ಮೊಸಳೆ ಚರ್ಮದ ಹಾಗೆ ತುಂಡು ತುಂಡಾಗಿ ಏಳುತ್ತದೆ. ನೀರು ಇಳಿಯುವ ಮುಂಚೆ ಮುಚ್ಚಿದರೆ ಇನ್ನೂ ಏಳೆಂಟು ವರ್ಷ ಯೋಚನೆ ಇಲ್ಲ.

ಎಲ್ಲ ಗೊತ್ತಿದ್ದೂ ಹಾಳೆಯಲ್ಲಿ ಬಿರುಕಿನ ಅಗಲ ಹೆಚ್ಚು ಮಾಡಿದಳು. ಇಲ್ಲದ ಗುಂಡಿ ಬರೆದಳು. ಕೊನೆಯಲ್ಲಿ ಐದು ಎಂದು ಹಾಕಿದಳು.

ಯಾಕೆ ಅಂದರೆ, ಅವಳಿಗೆ ಕಚೇರಿಗಳು ಕಲಿಸಿದ ಪಾಠವೇ ಅದು. ಗಂಡನ ಗಾಡಿಗಾಗಿ ಅಲೆಯುತ್ತಿದ್ದಾಗ ಗುಮಾಸ್ತನ ಮೇಜಿನ ಮುಂದೆ ಅವನ ಕಾಲಿನ ಪಟ್ಟಿ ಬಿಚ್ಚಬೇಕಾಗುತ್ತಿತ್ತು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಗಾಯ ಒಣಗಿದ್ದರೆ, ಪರವಾಗಿಲ್ಲವಲ್ಲ, ಮುಂದಿನ ತಿಂಗಳು ಬಾ ಅನ್ನುತ್ತಿದ್ದರು. ಕೀವು ಇದ್ದ ದಿನ ಕಡತ ಒಂದು ಮೇಜು ಮುಂದಕ್ಕೆ ಹೋಗುತ್ತಿತ್ತು. ಕೊನೆಯ ಸಲ ಹೋಗುವಾಗ ಅವನು ಒಣಗಿದ ಹಕ್ಕಳೆಯನ್ನು ತಾನೇ ಉಗುರಿನಿಂದ ಎಬ್ಬಿಸಿಕೊಂಡ. ಅವಳು ನೋಡಿಯೂ ನೋಡದವಳ ಹಾಗೆ ಬಾಗಿಲ ಕಡೆ ತಿರುಗಿ ನಿಂತಿದ್ದಳು. ಆ ದಿನವೇ ಗಾಡಿಗೆ ಸಹಿಯಾಯಿತು. ಇದನ್ನು ಕಲಿಸಿದವರು ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂತಿದ್ದರು, ಇವಳು ಕಲಿತದ್ದನ್ನು ಹಾಳೆಯ ಮೇಲೆ ಬರೆದಳು ಅಷ್ಟೆ.

ಸಂಜೆ ಬೀದಿಯವರಿಗೆ, ಈ ಸಲ ನಮ್ಮದೇ ಮೊದಲು ನೋಡಿ ಅಂದಳು. ಎದುರುಮನೆಯ ಗಾರೆಯವನು, ನಮ್ಮವರು ಒಬ್ಬರು ಒಳಗಿದ್ದರೆ ಹೀಗೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಗಂಡ ಗಾಡಿಯ ಗಾಲಿಗೆ ಎಣ್ಣೆ ಬಿಟ್ಟುಕೊಂಡ.

ಹದಿನೈದು ದಿನಕ್ಕೆ ಕಚೇರಿಯ ಗೋಡೆಯ ಮೇಲೆ ಪಟ್ಟಿ ಅಂಟಿಸಿದರು. ಅವಳು ಮೇಲಿನಿಂದ ಓದಿದಳು, ಕೆಳಗಿನಿಂದ ಓದಿದಳು. ಅವಳ ಬೀದಿ ಇರಲಿಲ್ಲ. ಇದ್ದದ್ದೆಲ್ಲ ಒಂದು, ಎರಡು, ಅಲ್ಲೊಂದು ಇಲ್ಲೊಂದು ಮೂರು. ಇಂಜಿನಿಯರ್ ಚಹಾ ಕುಡಿಯುತ್ತ ನಿಂತಿದ್ದ.

"ಸಾರ್, ನಮ್ಮ ಬೀದಿ ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲಮ್ಮ. ನೀನೇ ಐದು ಅಂತ ಬರ್ದಿದ್ದೀಯಲ್ಲ. ಐದಕ್ಕೆ ಹುಯ್ಯಲ್ಲ. ಸತ್ತೋಗಿರೋದಕ್ಕೆ ಯಾರಾದ್ರೂ ಔಷಧಿ ಕುಡಿಸ್ತಾರಾ? ಚೆನ್ನಾಗಿರೋದನ್ನ ಚೆನ್ನಾಗಿಟ್ಕೊಳ್ಳೋದೇ ಈ ಸ್ಕೀಮು."

ಹಾಗಾದರೆ ನಮ್ಮದು ಯಾವಾಗ ಎಂದು ಕೇಳಿದಳು. ಪೂರ್ತಿ ಅಗೆದು ಹೊಸದು ಹಾಕುವಾಗ ಅಂದ. ಅದು ಯಾವಾಗ ಅಂದರೆ, ಅದು ಬೇರೆ ವಿಭಾಗ ಅಂದ. ಸುಳ್ಳು ಬರೆದೆ ಸಾರ್, ಅದು ಎರಡೇ ಎಂದು ಆಗಲೇ ಹೇಳಬಹುದಿತ್ತು. ಸಹಿ ಅವಳದು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಅದಕ್ಕಿಂತ, ನಮ್ಮದೇ ಮೊದಲು ಎಂದು ಬೀದಿಯಲ್ಲಿ ಬೀಗಿದ ಬಾಯಲ್ಲಿ ಇದನ್ನು ಹೇಗೆ ಹೇಳುವುದು ಎಂಬ ನಾಚಿಕೆ. ಡಬ್ಬ ಎತ್ತಿಕೊಂಡು ಟ್ರ್ಯಾಕ್ಟರು ಹತ್ತಿದಳು.

ಪಟ್ಟಿಯಲ್ಲಿ ಮೊದಲು ಇದ್ದದ್ದು ಸಾಲುಮರದ ರಸ್ತೆ. ದೊಡ್ಡ ಗೇಟಿನ ಮನೆಗಳು. ಬಿರುಕು ಹುಡುಕಲು ಕನ್ನಡಕ ಬೇಕು. ಕೂದಲಿನ ಎಳೆಯಂಥ ಗೆರೆಗಳಿಗೆ ಮೂರು ದಿನ ಡಾಂಬರು ಹುಯ್ದಳು. ಮೂರನೆಯ ದಿನ ಎರಡು ಹನಿ ಒಂದು ಮನೆಯ ಗೇಟಿನ ಮುಂದಿನ ಬಿಳಿ ಕಲ್ಲಿನ ಮೇಲೆ ಬಿದ್ದವು. ಮನೆಯಾಕೆ ಹೊರಗೆ ಬಂದರು. ಬೈಯಲಿಲ್ಲ. ಫೋಟೋ ತೆಗೆದು ಇಂಜಿನಿಯರಿಗೆ ಕಳಿಸಿದರು. ಮೇಸ್ತ್ರಿಗೆ ಫೋನು ಬಂತು. ಡಬ್ಬದಕ್ಕ ಮಂಡಿಯೂರಿ ಸೀಮೆಎಣ್ಣೆ ಬಟ್ಟೆಯಿಂದ ಆ ಕಲ್ಲನ್ನು ಉಜ್ಜಿದಳು. ಕಲೆ ಹೋಗುವವರೆಗೆ ಆ ಹೆಂಗಸು ನೆರಳಿನಲ್ಲಿ ನಿಂತು ನೋಡುತ್ತಿದ್ದರು. ಇನ್ನು ಸ್ವಲ್ಪ ಈ ಕಡೆ ಎಂದು ಕಾಲಿನ ಬೆರಳಿನಿಂದ ತೋರಿಸಿದರು. ಇವಳ ಎಡಗೈಯ ಹನ್ನೊಂದು ಕಲೆಗಳನ್ನು ಉಜ್ಜಿಕೊಡಲು ಇಂದಿನವರೆಗೆ ಯಾರೂ ಮಂಡಿಯೂರಿಲ್ಲ. ಆ ದಿನ ಅವಳಿಗೆ ಸಿಟ್ಟು ಬರಲಿಲ್ಲ. ತನಗೆ ಇದೇ ತಕ್ಕದ್ದು ಅನ್ನಿಸಿತು.

ಮಳೆ ಬಂತು. ಮೊದಲ ವಾರದಲ್ಲಿ ಗಟಾರದ ಹತ್ತಿರ ಡಾಂಬರು ಕುಸಿಯಿತು. ತಿಂಗಳಿಗೆ ಬೀದಿಯ ಅರ್ಧ ಮೊಸಳೆ ಚರ್ಮವಾಯಿತು. ಎರಡು ತಿಂಗಳಿಗೆ ತುಂಡುಗಳು ಎದ್ದು, ಕೆಳಗಿನ ಜಲ್ಲಿ ಕಾಣಿಸಿ, ಗುಂಡಿಗಳಲ್ಲಿ ಕೊಳೆ ನೀರು ನಿಂತಿತು. ಐದು ಎಂದು ಸುಳ್ಳು ಬರೆದ ಬೀದಿ ಈಗ ನಿಜವಾಗಿ ಐದಾಯಿತು. ಗಂಡನ ಗಾಡಿ ಗುಂಡಿಗಿಳಿದು ಮಗುಚಿತು. ಅವನು ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದ. ಬೀಗಗಳು, ಅರಗಳು, ಕೀಲಿಕೈಗಳ ಗೊಂಚಲು ನೀರಿನಲ್ಲಿ ಚೆಲ್ಲಾಪಿಲ್ಲಿಯಾದವು. ಗಾರೆಯವನು ಓಡಿ ಬಂದು ಅವನನ್ನು ಬೆನ್ನಮೇಲೆ ಹಾಕಿಕೊಂಡು ಮನೆಗೆ ತಂದ. ಐವತ್ತು ದಾಟಿದ ಗಂಡಸು, ಇನ್ನೊಬ್ಬ ಗಂಡಸಿನ ಕುತ್ತಿಗೆಗೆ ಜೋತುಬಿದ್ದು, ಬೀದಿಯವರೆಲ್ಲ ನೋಡುತ್ತಿರುವಾಗ ಮನೆಗೆ ಬಂದ.

ಬೀದಿಯವರು ಕಚೇರಿಗೆ ಹಿಡಿಶಾಪ ಹಾಕಿದರು. ಗಾರೆಯವನು ಜೋರಾಗಿಯೇ ಅಂದ.

"ನಮ್ಮಕ್ಕ ಅಷ್ಟು ಚೆನ್ನಾಗಿ ಬರ್ಕೊಟ್ರೂ ಕಣ್ಣು ಬಿಡ್ಲಿಲ್ಲ ನೋಡಿ ಬಡ್ಡೀಮಕ್ಳು."

ಅವಳು ಗಂಡನ ಮುಖದ ಕೆಸರು ಒರೆಸುತ್ತಿದ್ದಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಅವರ ಬೀದಿಯಲ್ಲಿ ನೆಲ ಬಾಯಿ ಬಿಟ್ಟುಕೊಂಡೇ ಇತ್ತು, ನುಂಗಲಿಲ್ಲ ಅಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅಕ್ಕ ಅಕ್ಕ ಎಂದು ಅವಳ ಪರವಾಗಿ ಮಾತಾಡುವವರ ಎದುರಿಗೆ ನಿಲ್ಲಲಾಗಲಿಲ್ಲ. ನೀರು ಕಾಯಿಸುವ ನೆವ ಹೇಳಿ ಒಳಗೆ ಹೋದಳು.

ಅವತ್ತಿನಿಂದ ಗಂಡ ಹೊರಗೆ ಹೋಗಲಿಲ್ಲ. ಗಾರೆಯವನು ದಿನಾ ಹೊತ್ತುಕೊಂಡು ಹೋಗಿ ಬಿಡುತ್ತೇನೆ ಅಂದ. ಇವನು ಬೇಡ ಅಂದ. ನಾನೇನು ಸಿಮೆಂಟು ಮೂಟೆಯಾ ಎಂದು ಒಂದು ಸಲ ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು. ಗಾಡಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಒರಗಿಸಿದರು. ಬೀಗ ತರುವವರು ಆರು ತಿಂಗಳಲ್ಲಿ ಬೇರೆಯವನನ್ನು ಹುಡುಕಿಕೊಂಡರು. ಅವಳು ಕೆಲಸದಿಂದ ಬಂದರೆ ಅವನು ಗೋಡೆ ನೋಡುತ್ತ ಕೂತಿರುತ್ತಿದ್ದ. ಊಟದ ಹೊತ್ತಿನಲ್ಲಿ ಎಣ್ಣೆ ಯಾವ ಬಂಕಿನದು ಎಂದು ಕೇಳುವುದನ್ನೂ ಬಿಟ್ಟ. ಹೇಳಿಬಿಡಬೇಕು ಎಂದು ಅವಳು ಎಷ್ಟೋ ಸಲ ಬಾಯಿ ತೆರೆದಳು. ಉಪ್ಪು ಸಾಕಾ, ನೀರು ಬೇಕಾ ಎಂದು ಕೇಳಿ ಮುಚ್ಚಿಕೊಂಡಳು.

ಈ ವರ್ಷ ಮಳೆಗೆ ಇನ್ನು ಹದಿನೈದು ದಿನ ಇರುವಾಗ ಇಂಜಿನಿಯರ್ ಅವಳನ್ನು ಕಚೇರಿಗೆ ಕರೆದ. ಪಕ್ಕದ ಬೀದಿಯ ಹಾಳೆ ಕೊಟ್ಟ. ಆ ಬೀದಿಯಲ್ಲಿ ಗ್ಯಾಂಗಿನ ಕಲ್ಲುಪುಡಿಯವಳ ಮನೆ ಇದೆ, ಇನ್ನೂ ಐವತ್ತು ಮನೆಗಳಿವೆ. ಸ್ವಲ್ಪ ಎತ್ತರದಲ್ಲಿರುವುದರಿಂದ ಅಲ್ಲಿಯ ರಸ್ತೆ ಹೋದ ಮಳೆ ಕಳೆದೂ ಈಗಲೂ ಗಟ್ಟಿಯಾಗಿದೆ.

"ಹೋದ ಸಲ ಬರ್ದ ಹಾಗೇ ಬರಿ," ಅಂದ.

ಅವಳು ಹಾಳೆಯಿಂದ ತಲೆ ಎತ್ತಿದಳು. "ಹೋದ ಸಲ ಹೇಗೆ ಬರ್ದಿದ್ದೆ ಸಾರ್?"

ಅವನು ನಕ್ಕ. ಕೆಟ್ಟ ನಗುವಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ನಗುವ ಹಾಗೆ ನಕ್ಕ.

"ನನಗೆ ಗೊತ್ತಿಲ್ವೇನಮ್ಮ? ನಿನ್ನ ಹಾಳೆ ಬಂದ ಮೇಲೆ ಬೈಕಲ್ಲಿ ಒಂದು ರೌಂಡು ಹೋಗಿ ಬಂದೆ. ಎರಡು ಇತ್ತು, ನೀನು ಐದು ಬರ್ದಿದ್ದೆ. ಒಳ್ಳೇದೇ ಆಯ್ತು ಬಿಡು. ಇರೋ ಡಾಂಬರು ಬೇಕಾದ ಕಡೆಗೆ ಸಾಕಾಯ್ತು. ನಾನು ಬರ್ದಿದ್ರೆ ನಿಮ್ಮೋರೇ ಗಲಾಟೆ ಮಾಡ್ತಿದ್ರು. ನಿನ್ನ ಸಹಿ ಇದ್ರೆ ಯಾರೂ ಕೇಳಲ್ಲ."

ಅವಳು ಹಾಳೆ ಹಿಡಿದು ನಿಂತಿದ್ದಳು. ಕಿವಿಯೊಳಗೆ ಗಾಳಿ ಯಂತ್ರದ ಸದ್ದು. ಒಂದು ವರ್ಷ ಅವಳು ತನ್ನೊಬ್ಬಳದೇ ಎಂದು ಹೊತ್ತ ಪಾಪ. ಇವನು ಗೊತ್ತಿದ್ದೂ ಬೈಕು ತಿರುಗಿಸಿಕೊಂಡು ಹೋಗಿದ್ದ. ಪೆನ್ನಿನಿಂದ ಒಂದು ಅಂಕಿ ತಿದ್ದಿದ್ದರೆ ಅವಳ ಗಂಡ ಇವತ್ತು ಮೂಲೆಯಲ್ಲಿ ಬೀಗ ಬಿಚ್ಚುತ್ತ ಕೂತಿರುತ್ತಿದ್ದ. ಆದರೂ ಅವಳ ನಾಚಿಕೆ ಕಡಿಮೆಯಾಗಲಿಲ್ಲ. ತನ್ನ ಸುಳ್ಳು ಇವರ ಉಪಯೋಗಕ್ಕೆ ಬಂದಿತ್ತು, ಮತ್ತೆ ಬರಲಿ ಎಂದು ಕೇಳುತ್ತಿದ್ದಾರೆ ಎನ್ನುವುದು ಮೊದಲಿನದಕ್ಕಿಂತ ದೊಡ್ಡ ನಾಚಿಕೆ. ಹಾಳೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

ಸಂಜೆ ಪಕ್ಕದ ಬೀದಿಯನ್ನು ನಡೆದು ನೋಡಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಎರಡು. ಮಾರನೆಯ ದಿನ ಕೊಟ್ಟಳು. ಇಂಜಿನಿಯರ್ ಓದಿ, ಅವಳ ಮುಖ ನೋಡಿ, ಹಾಳೆಯನ್ನು ವಾಪಸು ಕೊಟ್ಟ. ಸರಿಯಾಗಿ ಬರೆದುಕೊಂಡು ಬಾ ಅಂದ. ಅವಳು ತಿದ್ದಲಿಲ್ಲ, ಹಾಳೆ ಸೊಂಟದಲ್ಲೇ ಉಳಿಯಿತು. ಅದಾದ ಎರಡು ದಿನಕ್ಕೆ ಪಟ್ಟಿ ಅಂಟಿಸಿದರು. ಪಕ್ಕದ ಬೀದಿ ಇರಲಿಲ್ಲ. ಮೊದಲ ಹೆಸರು ಮತ್ತೆ ಸಾಲುಮರದ ರಸ್ತೆಯದು.

ಕೆಲಸದ ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಟ್ರ್ಯಾಕ್ಟರು ಸಾಲುಮರದ ರಸ್ತೆಯಲ್ಲಿ ನಿಂತಿತು. ಬಾಯ್ಲರು ಕಾದಿತ್ತು. ಬ್ರಷ್ಷಿನವರು ಬಗ್ಗಿದ್ದರು. ಮೇಸ್ತ್ರಿ ಡಬ್ಬ ತುಂಬಿಸು ಅಂದ. ಅವಳು ಡಬ್ಬವನ್ನು ರಸ್ತೆಯ ಮೇಲೆ ಬೋರಲು ಹಾಕಿದಳು.

"ನಾನು ಒಂದು ಮಾತು ಹೇಳ್ಬೇಕು," ಅಂದಳು. "ಹೋದ ವರ್ಷ ನಮ್ಮ ಬೀದಿಗೆ ಐದು ಅಂತ ಬರ್ದಿದ್ದು ಸುಳ್ಳು. ಐದು ಅಂದ್ರೆ ಮೊದ್ಲು ಮಾಡ್ತಾರೆ ಅಂದ್ಕೊಂಡೆ. ಐದು ಅಂದ್ರೆ ಕೈಬಿಡ್ತಾರೆ ಅಂತ ಗೊತ್ತಿರ್ಲಿಲ್ಲ. ಬೀದಿ ಹಾಳು ಮಾಡ್ದೋಳು ನಾನೇ."

ಕಲ್ಲುಪುಡಿಯವಳು ಬುಟ್ಟಿ ಕೆಳಗಿಟ್ಟಳು. ನಮ್ಮ ಬೀದಿಗೆ ಏನು ಬರೆದೆ ಎಂದು ಕೇಳಿದಳು. ದನಿ ಗಟ್ಟಿಯಾಗಿರಲಿಲ್ಲ. ಡಬ್ಬದಕ್ಕ ಸೊಂಟದ ಹಾಳೆ ತೆಗೆದು ಕೊಟ್ಟಳು. ಎರಡು ಎಂದು ಬರೆದದ್ದನ್ನೂ, ಇಂಜಿನಿಯರ್ ವಾಪಸು ಕೊಟ್ಟದ್ದನ್ನೂ, ಅವನಿಗೆ ಹೋದ ವರ್ಷವೇ ಎಲ್ಲ ಗೊತ್ತಿದ್ದದ್ದನ್ನೂ ಹೇಳಿದಳು. ಕಲ್ಲುಪುಡಿಯವಳು ಓದಲು ಬಾರದಿದ್ದರೂ ಹಾಳೆಯನ್ನು ಬಹಳ ಹೊತ್ತು ನೋಡಿದಳು.

"ನಿನ್ನ ಮುಖಕ್ಕೆ ಉಗೀಬೇಕು ಅನ್ಸುತ್ತೆ," ಅಂದಳು.

"ಉಗಿ," ಅಂದಳು ಡಬ್ಬದಕ್ಕ. "ಆದ್ರೆ ಇಲ್ಲಿ ನಾನು ಹುಯ್ಯಲ್ಲ. ಕಾದಿರೋ ಡಾಂಬರು ನಿಮ್ಮ ಬೀದೀಗೆ ಹೋಗ್ಲಿ. ಒಂದು ದಿನದ ಕೆಲ್ಸ. ಮಳೆಗೆ ಮುಂಚೆ ಮುಚ್ಚಿದ್ರೆ ಉಳ್ಕೊಳ್ಳುತ್ತೆ."

ಮೇಸ್ತ್ರಿ ಬಾಯಿಗೆ ಬಂದಂತೆ ಬೈದ. ಅವನ ಬೈಗುಳ ಕೇಳಿ ಕೇಳಿ ಎಲ್ಲರ ಕಿವಿಗಳೂ ಜಡ್ಡುಗಟ್ಟಿದ್ದವು. ಕಲ್ಲುಪುಡಿಯವಳು ಬುಟ್ಟಿಯನ್ನು ಎತ್ತಿ ಟ್ರ್ಯಾಕ್ಟರಿನ ಮೇಲಿಟ್ಟಳು. ಡ್ರೈವರ್ ಒಂದು ಬೀಡಿ ಮುಗಿಯುವಷ್ಟು ಹೊತ್ತು ಯೋಚನೆ ಮಾಡಿದ. ಇವಳ ಗಂಡನ ಕಾಲು ಬೆಂದ ದಿನ ಅವನೂ ಅಲ್ಲೇ ಇದ್ದವನು. ಆಮೇಲೆ ಟ್ರ್ಯಾಕ್ಟರು ತಿರುಗಿಸಿದ. ಬ್ರಷ್ಷಿನವನೊಬ್ಬ ಬರಲಿಲ್ಲ, ಅವನಿಗೆ ಮನೆಯ ಚಿಂತೆ, ಅವನನ್ನು ಯಾರೂ ಏನೂ ಅನ್ನಲಿಲ್ಲ. ಮೇಸ್ತ್ರಿ ಫೋನು ಕಿವಿಗಿಟ್ಟುಕೊಂಡು ನಡುರಸ್ತೆಯಲ್ಲೇ ನಿಂತಿದ್ದ.

ಪಕ್ಕದ ಬೀದಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಗಿದಿತ್ತು. ಹೆಂಗಸರು ಪೊರಕೆ ತಂದು ಮುಂದೆ ಮುಂದೆ ಗುಡಿಸಿಕೊಟ್ಟರು. ಯಾರೋ ಕುಡಿಯುವ ನೀರು ತಂದಿಟ್ಟರು. ಇಂಜಿನಿಯರ್ ಬೈಕಿನಲ್ಲಿ ಬಂದ. ಬೂಟು ಹಾಕಿದ್ದ. ಕಚೇರಿಯ ಮಾಲನ್ನು ಕದ್ದಿದ್ದೀರಿ, ನಾಳೆಯಿಂದ ಒಬ್ಬರೂ ಬರಬೇಡಿ, ಪೊಲೀಸಿಗೆ ಹೇಳುತ್ತೇನೆ ಅಂದ. ಅವಳು ಬಗ್ಗಿದ ಸೊಂಟ ಎತ್ತಲಿಲ್ಲ.

"ನಾಳೆ ಮಾತು ನಾಳೆ ಸಾರ್. ಹೋದ ವರ್ಷದ ಹಾಳೆ ಸುಳ್ಳು ಅಂತ ನಾನೇ ಪೊಲೀಸ್ರಿಗೆ ಬರ್ಕೊಡ್ತೀನಿ. ನಿಮಗೂ ಗೊತ್ತಿತ್ತು ಅಂತಾನೂ ಬರೀತೀನಿ. ಈಗ ಪಕ್ಕಕ್ಕೆ ಸರೀರಿ. ಬಿಸಿ ಇದೆ."

ಅವನು ಸರಿದ. ಡಬ್ಬದ ಮೂತಿ ಅವನ ಬೂಟಿನ ತುದಿಗೆ ಒಂದು ಗೇಣು ದೂರದಲ್ಲಿತ್ತು. ಫೋಟೋ ತೆಗೆದುಕೊಂಡು ಹೊರಟುಹೋದ.

ಮುಖ್ಯರಸ್ತೆಗೆ ಸೇರದ ಆ ಬೀದಿ ಮುಗಿಯುವುದು ಅವಳ ಮನೆಯ ಮೂಲೆಯಲ್ಲಿ. ಕೊನೆಯ ಬಿರುಕು ಹುಯ್ಯುತ್ತ ಹಿಂದೆ ಹಿಂದೆ ಬಂದವಳಿಗೆ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಗಂಡ ನೆಲದ ಮೇಲೆ ಕೈಯೂರಿ ಜರುಗಿಕೊಂಡು ಹೊಸ್ತಿಲಿನವರೆಗೆ ಬಂದಿದ್ದ. ಎಷ್ಟೋ ತಿಂಗಳ ಮೇಲೆ ಹೊರಗೆ ಇಣುಕಿದ್ದ. ಬಾಯ್ಲರಿನ ಹೊಗೆಯ ವಾಸನೆ ಅವನನ್ನು ಎಬ್ಬಿಸಿ ತಂದಿರಬೇಕು. ಅವನ ಮುಖದಲ್ಲಿ ಸ್ವಲ್ಪ ಬೆಳಕಿತ್ತು. ಎದುರಿಗೆ ಗಾರೆಯವನು, ಬೀದಿಯ ನಾಲ್ಕಾರು ಜನ ನಿಂತಿದ್ದರು.

"ಮುಂದೆ ನಮ್ಮದಾ?" ಎಂದು ಕೇಳಿದ.

ಅವಳು ಡಬ್ಬ ಹಿಡಿದುಕೊಂಡೇ ತಿರುಗಿದಳು. ಹೌದು ಅನ್ನಬಹುದಿತ್ತು. ಗುಂಡಿಗಳ ಮೇಲೆ ಒಂದಿಷ್ಟು ಡಾಂಬರು ಚೆಲ್ಲಿ ಅವನ ಕಣ್ಣಿಗೆ ಮಣ್ಣೆರಚಬಹುದಿತ್ತು. ಒಂದು ಮಳೆಗೆ ಅದು ಕೊಚ್ಚಿಹೋಗುತ್ತಿತ್ತು.

"ನಮ್ಮದು ಇನ್ನು ಆಗಲ್ಲ," ಅಂದಳು. "ಅದು ಹೋಯ್ತು. ಕೆಳಗಿನಿಂದ್ಲೇ ಹೋಯ್ತು. ಹೋದ ವರ್ಷ ಎರಡು ಇದ್ದಿದ್ದನ್ನ ನಾನೇ ಐದು ಅಂತ ಬರ್ದೆ. ಅದಕ್ಕೇ ಬಿಟ್ರು. ಅವರಿಗೂ ಗೊತ್ತಿತ್ತು, ಆದ್ರೆ ಬರ್ದಿದ್ದು ನಾನು."

ಗಾರೆಯವನು ಅವಳನ್ನೇ ನೋಡಿದ. ಆಮೇಲೆ ತನ್ನ ಕಾಲಿನ ಕಡೆ ನೋಡಿಕೊಂಡ. ಗಂಡನ ಮುಖದ ಬೆಳಕು ಆರಿತು. ಅವನು ಏನಾದರೂ ಅನ್ನಲಿ ಎಂದು ಅವಳು ಕಾದಳು. ಬೈಯಲಿ, ಅಳಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ. ಅವನು ತನ್ನ ಕಾಲನ್ನು, ಆಮೇಲೆ ಗುಂಡಿ ಬಿದ್ದ ಬೀದಿಯನ್ನು, ಆಮೇಲೆ ಅವಳ ಕೈಯಲ್ಲಿದ್ದ ಡಬ್ಬವನ್ನು ನೋಡಿದ. ಇಪ್ಪತ್ತು ವರ್ಷ ಬಾಯ್ಲರ್ ಕಾದವನು.

"ಆರ್ತಾ ಇದೆ," ಅಂದ. "ಮೊದ್ಲು ಅವರದು ಹುಯ್ಯಿ."

ಅವಳು ಬಗ್ಗಿ ಹುಯ್ದಳು. ಕಲ್ಲುಪುಡಿಯವಳು ಪುಡಿ ಉದುರಿಸುತ್ತ ಬಂದಳು. ಕೊನೆಯ ಬಿರುಕು ಮುಚ್ಚುವವರೆಗೆ ಅವನು ಹೊಸ್ತಿಲಲ್ಲೇ ಕೂತಿದ್ದ, ಒಳಗೆ ಹೋಗಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ.